ಔಷಧಕ್ಕೆ ಬಗ್ಗದ ಕ್ಷಯವೂ ಕ್ರಿಮಿಯ ವಂಶಲಿಪಿಯೂ

ನಮ್ಮ ಶಾಲೆಯಲ್ಲಿ ಕಲಿತು ಹೋದ ಹೆಣ್ಣುಮಕ್ಕಳು ಇಂದು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಊರೂರುಗಳಲ್ಲಿ ನೆಲೆಸಿರುವರು. ಅವರಲ್ಲಿ ಕೆಲವರು ದವಾಖಾನೆಗಳಲ್ಲಿ ದಾದಿಯರು, ಕೆಲವರು ಶಿಕ್ಷಕಿಯರು, ಕೆಲವರು ಆಶಾ ಕಾರ್ಯಕರ್ತೆಯರು, ಬಹುಮಂದಿ ಮನೆವಾರ್ತೆಯ ಭಾರವನ್ನು ಹೊತ್ತ ಗೃಹಿಣಿಯರು. ಯಾವ ಕೆಲಸದಲ್ಲಿದ್ದರೂ, ನೆರೆಹೊರೆಯಲ್ಲಿ ಯಾರಿಗಾದರೂ ಜಡ್ಡು ಬಂದಾಗ, “ಓದಿದವಳು, ನೀನು ಏನನ್ನುತ್ತೀ?” ಎಂದು ಜನರು ಮೊದಲು ಕೇಳುವುದು ಇವರನ್ನೇ. ಆದ ಕಾರಣ ಈ ಸ್ಮರಣಸಂಚಿಕೆಯಲ್ಲಿ ಕ್ಷಯರೋಗವನ್ನು ಕುರಿತು ಈಚಿನ ವರ್ಷಗಳಲ್ಲಿ ತಿಳಿದುಬಂದಿರುವ ಒಂದು ವಿಷಯವನ್ನು ವಿವರಿಸುವುದು ಉಚಿತವೆಂದು ತೋರಿತು. ವಿಷಯವು ಕೇಳುವುದಕ್ಕೆ ಕಠಿಣವಾದರೂ ಅದರ ತಿರುಳು ನಾಲ್ಕನೆಯ ಇಯತ್ತೆಯ ಹುಡುಗಿಗೂ ತಿಳಿಯುವಂಥದು. ಅದರ ಫಲವಾದರೋ ನಮ್ಮ ಹೆಣ್ಣುಮಕ್ಕಳ ಬಾಳಿಗೆ ನೇರವಾಗಿ ಸಂಬಂಧಿಸಿದುದು.

ಕ್ಷಯವು ಬಹು ಪುರಾತನವಾದ ರೋಗ. ನಮ್ಮ ಹಿರಿಯರು ಇದನ್ನು ರಾಜಯಕ್ಷ್ಮವೆಂದು ಕರೆದರು. ಇದು ಬಡವರ ಗುಡಿಸಲನ್ನು ಹೇಗೋ ಹಾಗೆ ಅರಮನೆಯನ್ನೂ ಹೊಕ್ಕಿತು. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಇದಕ್ಕೆ ತುತ್ತಾದರು; ಅವರ ಹೆಸರಿನಲ್ಲಿಯೇ ಮೈಸೂರಿನ ಕ್ಷಯರೋಗ ಆಸ್ಪತ್ರೆಯು ಸ್ಥಾಪಿತವಾಯಿತು. ಮದನಪಲ್ಲಿಯ ಬಳಿಯ ಆರೋಗ್ಯವರಂ, ಮಿರಜದ ಬಳಿಯ ವಾನಲೆಸ್‌ವಾಡಿ ಮೊದಲಾದ ಕಡೆಗಳಲ್ಲಿ ಮಿಷನ್ನಿನವರು ಆರೋಗ್ಯಧಾಮಗಳನ್ನು ಕಟ್ಟಿದರು. ಆ ಕಾಲದಲ್ಲಿ ಶುದ್ಧವಾದ ಗಾಳಿ, ಹಾಲು, ತತ್ತಿ, ವಿಶ್ರಾಂತಿ ಇವಿಷ್ಟೇ ಚಿಕಿತ್ಸೆ. ೧೮೮೨ನೆಯ ಇಸವಿಯ ಮಾರ್ಚ್ ೨೪ರಂದು ರಾಬರ್ಟ್ ಕಾಕ್ ಎಂಬ ಜರ್ಮನ್ ವೈದ್ಯರು ಬರ್ಲಿನ್ ನಗರದಲ್ಲಿ ಈ ರೋಗದ ಕ್ರಿಮಿಯನ್ನು ಜಗತ್ತಿಗೆ ತಿಳಿಯಪಡಿಸಿದರೂ, ಅದನ್ನು ಕೊಲ್ಲತಕ್ಕ ಔಷಧವು ದೊರೆಯಲು ಅರುವತ್ತಕ್ಕಿಂತ ಹೆಚ್ಚು ವರ್ಷಗಳು ಬೇಕಾದವು. ೧೯೪೪ರಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬುದೂ, ೧೯೫೨ರಲ್ಲಿ ಐಸೋನಿಯಜಿಡ್ ಎಂಬುದೂ, ಆ ಬಳಿಕ ರಿಫಾಂಪಿಸಿನ್ ಎಂಬುದೂ ಬಳಕೆಯ ದಾರಿಯನ್ನು ಹಿಡಿದವು. ಇವುಗಳಿಂದ ಕ್ಷಯವು ಗುಣವಾಗುವ ರೋಗವಾಯಿತು. ಹೀಗಿದ್ದರೂ ೨೦೨೩ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಕ್ಷಯಕ್ಕೆ ಈಡಾದ ನೂರು ಜನರಲ್ಲಿ ಸುಮಾರು ೨೬ ಜನರು ಭಾರತದವರೇ ಎಂದು ವಿಶ್ವ ಆರೋಗ್ಯ ಸಂಸ್ಥೆಯವರು ಲೆಕ್ಕ ಹಾಕಿದ್ದಾರೆ.

ಕ್ರಿಮಿಯು ಔಷಧಕ್ಕೆ ಬಗ್ಗದಂತಾಗುವ ಬಗೆ

೧೯೪೮ರಲ್ಲಿ ಇಂಗ್ಲೆಂಡಿನ ವೈದ್ಯರು ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನೋಡಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಮೊದಲ ತಿಂಗಳುಗಳಲ್ಲಿ ರೋಗಿಗಳು ಚೇತರಿಸಿಕೊಂಡರು. ಆಮೇಲೆ ಅವರಲ್ಲಿ ಅನೇಕರ ಕಫದಲ್ಲಿ ಆ ಔಷಧಕ್ಕೆ ಜಗ್ಗದ ಕ್ರಿಮಿಗಳು ಕಾಣಿಸಿಕೊಂಡವು. ಇದಕ್ಕೆ ಕಾರಣವೇನೆಂದರೆ, ರೋಗಿಯ ಪುಪ್ಪುಸದಲ್ಲಿರುವ ಕೋಟಿಗಟ್ಟಲೆ ಕ್ರಿಮಿಗಳಲ್ಲಿ ಕೆಲವು ಹುಟ್ಟುತ್ತಲೇ ಬೇರೆಯಾಗಿರುತ್ತವೆ. ಔಷಧವು ಉಳಿದವನ್ನೆಲ್ಲ ಕೊಂದು ಆ ಕೆಲವಕ್ಕೆ ಹೊಲವನ್ನು ಹಸನು ಮಾಡಿಕೊಟ್ಟಂತಾಗುತ್ತದೆ. ಕಳೆ ಕೀಳುವವಳು ಒಂದೇ ಜಾತಿಯ ಕಳೆಯನ್ನು ಕಿತ್ತರೆ ಇನ್ನೊಂದು ಜಾತಿಯದು ಹೊಲವನ್ನೆಲ್ಲ ತುಂಬುವುದಿಲ್ಲವೇ? ಆದುದರಿಂದಲೇ ಕ್ಷಯಕ್ಕೆ ಮೂರು ನಾಲ್ಕು ಔಷಧಗಳನ್ನು ಕೂಡಿಸಿ ಆರು ತಿಂಗಳವರೆಗೆ ತಪ್ಪದೆ ಕೊಡುವ ಪದ್ಧತಿಯು ಬಂದಿತು. ಒಂದಕ್ಕೆ ಬಗ್ಗದ ಕ್ರಿಮಿಯನ್ನು ಮತ್ತೊಂದು ಕೊಲ್ಲುತ್ತದೆ.

ಐಸೋನಿಯಜಿಡ್, ರಿಫಾಂಪಿಸಿನ್ ಇವೆರಡೂ ಮುಖ್ಯವಾದ ಔಷಧಗಳು. ಎರಡಕ್ಕೂ ಬಗ್ಗದ ಕ್ಷಯವನ್ನು ಬಹುಔಷಧ ನಿರೋಧಕ ಕ್ಷಯವೆನ್ನುತ್ತಾರೆ. ಇದಕ್ಕೆ ಹಿಂದೆ ಒಂದೂವರೆ ಎರಡು ವರ್ಷಗಳ ಚಿಕಿತ್ಸೆಯೂ, ಕಿವಿಯನ್ನು ಕೆಡಿಸಬಲ್ಲ ಚುಚ್ಚುಮದ್ದುಗಳೂ ಬೇಕಾಗುತ್ತಿದ್ದವು. ಬೆಡಾಕ್ವಿಲಿನ್ ಮೊದಲಾದ ಹೊಸ ಔಷಧಗಳನ್ನು ಕೂಡಿಸಿ ಗುಳಿಗೆಗಳಿಂದಲೇ ಆರು ತಿಂಗಳಲ್ಲಿ ಗುಣಪಡಿಸುವ ಕ್ರಮಕ್ಕೆ ೨೦೨೪ರಲ್ಲಿ ಭಾರತ ಸರಕಾರವು ಒಪ್ಪಿಗೆಯನ್ನು ಕೊಟ್ಟಿತು. ಇದು ದೊಡ್ಡ ವರವೇ ಸರಿ. ಆದರೆ ಯಾವ ಕ್ರಿಮಿಗೆ ಯಾವ ಔಷಧವು ತಾಗುವುದೆಂಬುದನ್ನು ಮೊದಲು ತಿಳಿಯದಿದ್ದರೆ ವರವೂ ವ್ಯರ್ಥವಾಗುವುದು.

ತಿಳಿಯುವುದಾದರೂ ಹೇಗೆ? ಹಳೆಯ ಕ್ರಮವೆಂದರೆ ಕ್ರಿಮಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಯಿಸಿ, ಔಷಧವನ್ನು ಹಾಕಿ, ಅದು ಸಾಯುವುದೋ ಬದುಕುವುದೋ ಎಂದು ಕಾದು ನೋಡುವುದು. ಕ್ಷಯದ ಕ್ರಿಮಿಯಾದರೋ ಬಹಳ ಸಾವಕಾಶದ ಜೀವಿ. ಬೇರೆ ಕೆಲವು ಕ್ರಿಮಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗಿ ಹೆಚ್ಚಿದರೆ, ಇದು ಇಬ್ಭಾಗವಾಗಲು ಸುಮಾರು ಇಪ್ಪತ್ತು ತಾಸುಗಳನ್ನು ತೆಗೆದುಕೊಳ್ಳುತ್ತದೆ. ಆದುದರಿಂದ ಉತ್ತರವು ಬರುವುದಕ್ಕೆ ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ರೋಗಿಯು ತಾಗದ ಗುಳಿಗೆಗಳನ್ನೇ ನುಂಗುತ್ತಿರಬಹುದು, ಅವಳ ಮಗ್ಗುಲಲ್ಲಿ ಮಲಗಿದ ಕೂಸಿಗೂ ರೋಗವು ಅಂಟಬಹುದು. ಈ ಕಷ್ಟವನ್ನು ಕಳೆಯುವುದಕ್ಕಾಗಿಯೇ ವಿದ್ವಾಂಸರು ಕ್ರಿಮಿಯ ವಂಶಲಿಪಿಯನ್ನು ಓದುವ ವಿದ್ಯೆಯತ್ತ ತಿರುಗಿದರು.

ವಂಶಲಿಪಿ ಎಂದರೇನು?

ಪ್ರತಿಯೊಂದು ಜೀವಿಯ ಒಳಗೂ ಅದರ ರೂಪವನ್ನೂ ಗುಣವನ್ನೂ ಗೊತ್ತುಪಡಿಸುವ ಒಂದು ಬರಹವುಂಟು. ಅದರ ಸಮಗ್ರ ಮೊತ್ತಕ್ಕೆ ಜೀನೋಮ್ ಎಂದು ಹೆಸರು. ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಿಂದ ಆ ಬರಹವೆಲ್ಲ ಆಗಿರುತ್ತದೆ. ಮನುಷ್ಯನದು ಮುನ್ನೂರು ಕೋಟಿಗೂ ಮಿಕ್ಕ ಅಕ್ಷರಗಳ ಗ್ರಂಥ. ಕ್ಷಯಕ್ರಿಮಿಯದು ಸುಮಾರು ೪೪ ಲಕ್ಷ ಅಕ್ಷರಗಳದು. ಒಂದು ಪುಟಕ್ಕೆ ಎರಡು ಸಾವಿರ ಅಕ್ಷರಗಳಂತೆ ಅಚ್ಚು ಹಾಕಿದರೆ ಎರಡು ಸಾವಿರದ ಇನ್ನೂರು ಪುಟಗಳ ಪುಸ್ತಕವಾದೀತು. ೧೯೯೮ರಲ್ಲಿ ಈ ಗ್ರಂಥವನ್ನು ಮೊದಲ ಬಾರಿಗೆ ಆದ್ಯಂತವಾಗಿ ಓದಿ ಪ್ರಕಟಿಸಲಾಯಿತು. ಓದುವ ರೀತಿಯೂ ವಿಚಿತ್ರವಾದುದು. ಬೆಳೆಯಿಸಿದ ಕ್ರಿಮಿಗಳಿಂದ ಆ ದ್ರವ್ಯವನ್ನು ಬೇರ್ಪಡಿಸಿ, ಅದನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿ, ಯಂತ್ರದ ಮೂಲಕ ತುಣುಕು ತುಣುಕಾಗಿ ಓದುತ್ತಾರೆ. ಹರಿದ ಪುಸ್ತಕದ ಚೂರುಗಳನ್ನು ಇಡಿಯಾದ ಪ್ರತಿಯೊಂದನ್ನು ಮುಂದಿಟ್ಟುಕೊಂಡು ಜೋಡಿಸುವಂತೆ ಕಂಪ್ಯೂಟರು ಆ ತುಣುಕುಗಳನ್ನು ಅವುಗಳ ಸ್ಥಾನದಲ್ಲಿರಿಸಿ, ಮೂಲಪ್ರತಿಗೂ ಈ ರೋಗಿಯ ಕ್ರಿಮಿಗೂ ಎಲ್ಲೆಲ್ಲಿ ಅಕ್ಷರಭೇದವುಂಟೆಂಬುದನ್ನು ತೋರಿಸಿಕೊಡುತ್ತದೆ.

ಒಂದೇ ಒಂದು ಅಕ್ಷರವು ಬದಲಾದರೆ ಏನಾದೀತೆಂದು ಯಾರಾದರೂ ಕೇಳಬಹುದು. ಕನ್ನಡದಲ್ಲಿ ‘ಮದ್ದು’ ಎಂಬುದರ ಮೊದಲಕ್ಷರವನ್ನು ತಿದ್ದಿದರೆ ‘ಹದ್ದು’ ಆಗುವುದಿಲ್ಲವೇ? ಐಸೋನಿಯಜಿಡ್ ತಾನಾಗಿ ವಿಷವಲ್ಲ; ಕ್ರಿಮಿಯ ಒಡಲಿನಲ್ಲಿಯೇ ಇರುವ ಒಂದು ರಸವು ಅದನ್ನು ವಿಷವನ್ನಾಗಿ ಮಾರ್ಪಡಿಸುತ್ತದೆ. ಹೀಗೆ ಕ್ರಿಮಿಯು ತನ್ನ ಮನೆಯ ಆಳಿನ ಕೈಯಿಂದಲೇ ಸಾಯುತ್ತದೆ. ಆ ರಸವನ್ನು ಉಂಟುಮಾಡುವ ಬರಹಕ್ಕೆ ಕ್ಯಾಟ್‌ಜಿ ಎಂದು ಹೆಸರು. ಅದರ ೩೧೫ನೆಯ ಪದದಲ್ಲಿ ‘ಎಜಿಸಿ’ ಇರಬೇಕಾದಲ್ಲಿ ‘ಎಸಿಸಿ’ ಎಂದಾದರೆ ಆಳು ಕೆಲಸವನ್ನು ಬಿಟ್ಟಂತೆಯೇ. ಔಷಧವು ವಿಷವಾಗುವುದಿಲ್ಲ, ಕ್ರಿಮಿಯು ಸಾಯುವುದಿಲ್ಲ. ರಿಫಾಂಪಿಸಿನ್ನಿಗೆ ಬಗ್ಗದಂತೆ ಮಾಡುವ ಭೇದಗಳು ಆರ್‌ಪಿಒಬಿ ಎಂಬ ಬರಹದ ೮೧ ಅಕ್ಷರಗಳ ಒಂದು ಚಿಕ್ಕ ಭಾಗದಲ್ಲಿಯೇ ನೂರಕ್ಕೆ ಸುಮಾರು ತೊಂಬತ್ತೈದರಷ್ಟು ಕಂಡುಬರುತ್ತವೆ. ಇಂತಹ ಭೇದಗಳ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೧ರಲ್ಲಿ ಪ್ರಕಟಿಸಿ, ೨೦೨೩ರಲ್ಲಿ ಐವತ್ತು ಸಾವಿರಕ್ಕಿಂತ ಹೆಚ್ಚು ಮಾದರಿಗಳ ಆಧಾರದಿಂದ ವಿಸ್ತರಿಸಿದರು. ಶಿಕ್ಷಕಿಯು ಉತ್ತರಪಟ್ಟಿಯನ್ನು ಹಿಡಿದು ಉತ್ತರಪತ್ರಿಕೆಗಳನ್ನು ತಿದ್ದುವಂತೆ, ವೈದ್ಯರು ಈ ಪಟ್ಟಿಯನ್ನು ಹಿಡಿದು ಯಾವ ಔಷಧವು ತಾಗುವುದು, ಯಾವುದು ತಾಗದು ಎಂಬುದನ್ನು ಹೇಳಬಲ್ಲರು.

ಕಿಟಕಿಯಿಂದ ನೋಡುವುದೂ ಮನೆಯೆಲ್ಲವನ್ನು ನೋಡುವುದೂ

ಇಂದು ದವಾಖಾನೆಗಳಲ್ಲಿ ಕಫವನ್ನು ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಎಂಬ ಯಂತ್ರಗಳಲ್ಲಿ ಪರೀಕ್ಷಿಸುತ್ತಾರೆ. ಟ್ರೂನ್ಯಾಟ್ ನಮ್ಮ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಶಾಲೆಯಲ್ಲಿ ರೂಪುಗೊಂಡುದು. ೨೦೨೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರೂ ಅದನ್ನು ಅಂಗೀಕರಿಸಿದರು. ಈ ಯಂತ್ರಗಳು ಕೆಲವೇ ತಾಸುಗಳಲ್ಲಿ ಕ್ಷಯವುಂಟೋ ಇಲ್ಲವೋ, ರಿಫಾಂಪಿಸಿನ್ ತಾಗುವುದೋ ಇಲ್ಲವೋ ಎಂಬುದನ್ನು ಹೇಳುತ್ತವೆ. ಇವುಗಳ ಉಪಕಾರವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆದರೂ ಇವು ಆ ಚಿಕ್ಕ ಭಾಗವನ್ನು ಮಾತ್ರ ನೋಡತಕ್ಕವು. ಬೀದಿಯಲ್ಲಿ ನಿಂತು ಒಂದು ಕಿಟಕಿಯಿಂದ ಮನೆಯೊಳಗೆ ಇಣಿಕಿದಂತೆ. ಕಳ್ಳನು ಆ ಕಿಟಕಿಯ ಎದುರಿಗೆ ನಿಲ್ಲದಿದ್ದರೆ ಕಾಣಿಸಲಾರನು.

ಆಫ್ರಿಕಾ ಖಂಡದಲ್ಲಿ ಆಗ ಸ್ವಾಜಿಲ್ಯಾಂಡ್ ಎಂದು ಕರೆಯಲ್ಪಡುತ್ತಿದ್ದ, ಈಗ ಎಸ್ವಾಟಿನಿ ಎನ್ನಿಸಿಕೊಳ್ಳುವ ಪುಟ್ಟ ರಾಜ್ಯದಲ್ಲಿ ಹೀಗೆಯೇ ಆಯಿತು. ಅಲ್ಲಿ ೨೦೦೯ರಲ್ಲಿ ಸಂಗ್ರಹಿಸಿದ ಬಹುಔಷಧ ನಿರೋಧಕ ಕ್ರಿಮಿಗಳನ್ನು ವಿವರವಾಗಿ ಓದಿ ನೋಡಲಾಗಿ, ನೂರಕ್ಕೆ ಸುಮಾರು ಮೂವತ್ತರಲ್ಲಿ ಭೇದವು ಆ ೮೧ ಅಕ್ಷರಗಳ ಹೊರಗೆ ಇದ್ದಿತು. ಯಂತ್ರವು ಅಂಥವರಿಗೆ ಔಷಧವು ತಾಗುವುದೆಂದೇ ಹೇಳುತ್ತಿದ್ದಿತು. ನಮ್ಮ ದಕ್ಷಿಣ ಭಾರತದ ಸಂಗತಿಯೂ ವಿಚಾರಾರ್ಹವಾದುದು. ಇಲ್ಲಿ ಬಹುವಾಗಿ ಕಾಣುವ ಕ್ಷಯಕ್ರಿಮಿಯ ವಂಶವು ಯುರೋಪು, ಅಮೇರಿಕಗಳಲ್ಲಿ ಬಹುವಾಗಿ ಕಾಣುವುದಕ್ಕಿಂತ ಬೇರೆ. ೨೦೧೭ರಲ್ಲಿ ಚೆನ್ನೈಯ ರಾಷ್ಟ್ರೀಯ ಕ್ಷಯ ಸಂಶೋಧನ ಸಂಸ್ಥೆಯವರೂ ಅಮೇರಿಕದ ವಿದ್ವಾಂಸರೂ ಕೂಡಿ ದಕ್ಷಿಣ ಭಾರತದ ೨೨೩ ಕ್ರಿಮಿಗಳ ವಂಶಲಿಪಿಯನ್ನು ಓದಿ, ನಮ್ಮ ಪ್ರಾಂತಕ್ಕೆ ತಕ್ಕ ಪರೀಕ್ಷೆಗಳೇ ಬೇಕೆಂಬ ಅಭಿಪ್ರಾಯವನ್ನು ತಿಳಿಸಿದರು. ಪರದೇಶದ ಅಳತೆಗೆ ಹೊಲಿದ ಅಂಗಿಯು ನಮ್ಮ ಮೈಗೆ ಸರಿಹೋಗಲೇಬೇಕೆಂಬ ನಿಯಮವಿಲ್ಲ.

ಉಕ್ತಲೇಖನದ ತಪ್ಪುಗಳು

ವಂಶಲಿಪಿಯನ್ನು ಓದುವುದರಿಂದಾಗುವ ಎರಡನೆಯ ಪ್ರಯೋಜನವು ನನ್ನಂತಹ ಶಿಕ್ಷಕಿಯರಿಗೆ ಬೇಗನೆ ಅರ್ಥವಾಗುವುದು. ಉಕ್ತಲೇಖನದ ವಹಿಗಳನ್ನು ತಿದ್ದುವಾಗ ಇಬ್ಬರು ಹುಡುಗಿಯರು ಒಂದೇ ಸಾಲಿನ ಒಂದೇ ಶಬ್ದದಲ್ಲಿ, ಬೇರೆ ಯಾರೂ ಮಾಡದಿದ್ದ ಒಂದೇ ತಪ್ಪನ್ನು ಮಾಡಿದ್ದರೆ, ಒಬ್ಬಳು ಇನ್ನೊಬ್ಬಳದನ್ನು ನೋಡಿ ಬರೆದಳೆಂದೋ, ಇಬ್ಬರೂ ಮೂರನೆಯವಳದನ್ನು ನೋಡಿದರೆಂದೋ ನಾವು ಊಹಿಸುತ್ತೇವೆ. ಸರಿಯಾದ ಅಕ್ಷರಗಳಿಂದ ಇದು ಗೊತ್ತಾಗುವುದಿಲ್ಲ. ಸಮಾನವಾದ ತಪ್ಪುಗಳಿಂದಲೇ ಗೊತ್ತಾಗುತ್ತದೆ. ತಾಳೆಗರಿಯ ಗ್ರಂಥಗಳನ್ನು ಪರಿಷ್ಕರಿಸುವ ಪಂಡಿತರು ಯಾವ ಪ್ರತಿಯಿಂದ ಯಾವ ಪ್ರತಿಯು ಇಳಿದು ಬಂದಿತೆಂಬುದನ್ನು ನಿರ್ಣಯಿಸುವುದೂ ಹೀಗೆಯೇ.

ಕ್ಷಯದ ಕ್ರಿಮಿಯೂ ತನ್ನ ಗ್ರಂಥವನ್ನು ಪ್ರತಿ ಮಾಡಿ ಪ್ರತಿ ಮಾಡಿ ಹೆಚ್ಚುತ್ತದೆ. ಸುಮಾರು ಎರಡು ವರ್ಷಗಳಿಗೊಂದು ಅಕ್ಷರದಂತೆ ಅದರ ಪ್ರತಿಯಲ್ಲಿ ತಪ್ಪು ಉಳಿಯುತ್ತದೆ. ಇಬ್ಬರು ರೋಗಿಗಳ ಕ್ರಿಮಿಗಳಲ್ಲಿ ಐದು ಅಥವಾ ಅದಕ್ಕಿಂತ ಕಡಿಮೆ ಅಕ್ಷರಗಳ ಭೇದವಿದ್ದರೆ ರೋಗವು ಈಚೆಗೆ ಅವರಿಬ್ಬರ ನಡುವೆ, ಇಲ್ಲವೆ ಒಂದೇ ಮೂಲದಿಂದ ಹರಡಿರುವ ಸಂಭವವುಂಟೆಂದೂ, ಹನ್ನೆರಡಕ್ಕಿಂತ ಹೆಚ್ಚಾಗಿದ್ದರೆ ಆ ಸಂಭವವು ಕಡಿಮೆಯೆಂದೂ ಇಂಗ್ಲೆಂಡಿನ ವಿದ್ವಾಂಸರು ೨೦೧೩ರಲ್ಲಿ ತೋರಿಸಿಕೊಟ್ಟರು. ಕೆಲವು ವರ್ಷಗಳ ಬಳಿಕ ಆ ದೇಶದಲ್ಲಿ ವಂಶಲಿಪಿಯ ಪರೀಕ್ಷೆಯು ನಿತ್ಯದ ಪದ್ಧತಿಯಾಯಿತು. ೨೦೨೨ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಮುಂಬಯಿಯ ಸುತ್ತಮುತ್ತಣ ಬಹುಔಷಧ ನಿರೋಧಕ ಕ್ಷಯದಲ್ಲಿ ಕೆಲವೇ ಪ್ರಬಲವಾದ ವಂಶಗಳು ಹಬ್ಬುತ್ತಿರುವುದನ್ನು ಹೀಗೆಯೇ ಕಂಡುಹಿಡಿಯಿತು. ನಮ್ಮ ತಾಲೂಕುಗಳಿಂದ ಕೂಲಿಗಾಗಿಯೂ ನೌಕರಿಗಾಗಿಯೂ ಮುಂಬಯಿ, ಪುಣೆಗಳಿಗೆ ಹೋಗಿಬರುವ ಕುಟುಂಬಗಳು ಎಷ್ಟೋ ಇರುವುದರಿಂದ ಇದು ನಮಗೆ ದೂರದ ಸುದ್ದಿಯಲ್ಲ.

ತಪ್ಪು ಯಾರದು?

ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಇಲ್ಲಿಯೇ ಬರುತ್ತದೆ. ಔಷಧಕ್ಕೆ ಬಗ್ಗದ ಕ್ಷಯವೆಂದರೆ, ಅದು ಗುಳಿಗೆಗಳನ್ನು ಸರಿಯಾಗಿ ನುಂಗದವರಿಗೆ ಬರತಕ್ಕದ್ದೆಂಬ ನಂಬಿಕೆಯು ಬಹುಕಾಲದಿಂದ ಇದೆ. ಇದರಲ್ಲಿ ಸತ್ಯಾಂಶವುಂಟು, ಚಿಕಿತ್ಸೆಯನ್ನು ನಡುವೆ ಬಿಡುವುದು ಅಪಾಯವೇ. ಆದರೆ ಈ ಅರ್ಧಸತ್ಯದಿಂದ ಎಷ್ಟು ಹೆಣ್ಣುಮಕ್ಕಳು ನೊಂದಿದ್ದಾರೆ! ಸೊಸೆಯು ನಾಲ್ಕು ತಿಂಗಳು ಗುಳಿಗೆಗಳನ್ನು ನುಂಗಿಯೂ ಗುಣವಾಗದಿದ್ದರೆ, “ಗುಳಿಗೆಗಳನ್ನು ಒಲೆಗೆ ಹಾಕಿರಬೇಕು” ಎಂದು ಅತ್ತೆಯ ಮನೆಯವರು ಆಡುತ್ತಾರೆ. “ತವರಿನಿಂದಲೇ ತಂದ ರೋಗ” ಎಂದು ಬೀಗರಿಗೆ ಹೇಳಿಕಳುಹಿಸುತ್ತಾರೆ. ಕನ್ಯೆಯಾದರೆ ನೆಂಟಸ್ತಿಕೆಯು ತಪ್ಪೀತೆಂದು ತಾಯಿತಂದೆಗಳೇ ರೋಗವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ರೋಗವು ಮನೆಯವರೆಲ್ಲರ ಉಸಿರಿನಲ್ಲಿ ಬೆರೆಯುತ್ತದೆ.

ವಂಶಲಿಪಿಯ ಸಾಕ್ಷ್ಯವಾದರೋ ಬೇರೆಯೇ ಆಗಿದೆ. ದಕ್ಷಿಣ ಆಫ್ರಿಕೆಯ ಕ್ವಾಜುಲು-ನಟಾಲ್ ಪ್ರಾಂತದಲ್ಲಿ, ಬಹುತೇಕ ಔಷಧಗಳಿಗೆ ಬಗ್ಗದ ಅತ್ಯುಗ್ರ ಕ್ಷಯದ ೪೦೪ ರೋಗಿಗಳನ್ನು ಪರೀಕ್ಷಿಸಿದ ಫಲವು ೨೦೧೭ರಲ್ಲಿ ಪ್ರಕಟವಾಯಿತು. ಅವರಲ್ಲಿ ೨೮೦ ಜನರು, ಎಂದರೆ ನೂರಕ್ಕೆ ೬೯ ಜನರು, ಬಹುಔಷಧ ನಿರೋಧಕ ಕ್ಷಯಕ್ಕೆ ಹಿಂದೆ ಚಿಕಿತ್ಸೆಯನ್ನು ಪಡೆದವರೇ ಅಲ್ಲ. ಅವರ ಕ್ರಿಮಿಗಳ ವಂಶವನ್ನು ಹೋಲಿಸಿದಾಗ ರೋಗವು ಒಬ್ಬರಿಂದೊಬ್ಬರಿಗೆ ಗಾಳಿಯ ಮೂಲಕ ಬಂದುದು ಸ್ಪಷ್ಟವಾಯಿತು. ಬಹುಔಷಧ ನಿರೋಧಕ ಕ್ಷಯಕ್ಕೆಂದು ಕೊಟ್ಟು ಅವರು ಬಿಟ್ಟ ಗುಳಿಗೆ ಯಾವುದೂ ಇರಲಿಲ್ಲ.

ನಮ್ಮ ದೇಶದ ಲೆಕ್ಕವೂ ಇದನ್ನೇ ಸೂಚಿಸುತ್ತದೆ. ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಪ್ರಮುಖ ಪಾತ್ರ ವಹಿಸಿದ, ೨೦೧೪ರಿಂದ ೨೦೧೬ರವರೆಗಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ ಐದು ಸಾವಿರಕ್ಕಿಂತ ಹೆಚ್ಚು ರೋಗಿಗಳು ಸೇರಿದ್ದರು. ಹಿಂದೆ ಚಿಕಿತ್ಸೆಯನ್ನು ಪಡೆದಿದ್ದವರಲ್ಲಿ ನೂರಕ್ಕೆ ೧೧.೬೦ರಷ್ಟು, ಮೊದಲ ಬಾರಿಗೆ ರೋಗಕ್ಕೆ ಈಡಾದವರಲ್ಲಿ ನೂರಕ್ಕೆ ೨.೮೪ರಷ್ಟು ಮಂದಿಗೆ ಬಹುಔಷಧ ನಿರೋಧಕ ಕ್ಷಯವಿದ್ದಿತು. ಎರಡನೆಯ ಅಂಕಿಯು ಚಿಕ್ಕದೆಂದು ಅಲಕ್ಷಿಸಕೂಡದು. ಹೊಸ ರೋಗಿಗಳ ಸಂಖ್ಯೆಯೇ ಬಹು ದೊಡ್ಡದು. ಅಲ್ಲದೆ ಔಷಧವನ್ನೇ ಕಾಣದಿದ್ದವರು ಅದನ್ನು ಅಲಕ್ಷಿಸಿದರೆಂದು ಹೇಳುವುದಾದರೂ ಹೇಗೆ?

ಇದೇ ಬೆಂಗಳೂರಿನ ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿಸಿ ೧೯೬೩ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧವಾದ ಪರಿಶೀಲನೆಯನ್ನು ಇಲ್ಲಿ ನೆನೆಯುವುದು ಯೋಗ್ಯ. ಹಳ್ಳಿಯ ಜನರು ಅಜ್ಞಾನದಿಂದ ದವಾಖಾನೆಗೆ ಹೋಗುವುದಿಲ್ಲವೆಂಬ ಅಪವಾದವು ಆಗ ರೂಢಿಯಲ್ಲಿದ್ದಿತು. ವಿಚಾರಿಸಿ ನೋಡಿದರೆ, ಕ್ಷಯರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೆಮ್ಮಿಗಾಗಿ ಆಗಲೇ ದವಾಖಾನೆಗೆ ಹೋಗಿದ್ದರು. ಅಲ್ಲಿ ಕೆಮ್ಮಿನ ಔಷಧದ ಸೀಸೆಯನ್ನು ಕೊಟ್ಟು ಅವರನ್ನು ಹಿಂದಕ್ಕೆ ಕಳುಹಿಸಲಾಗಿತ್ತು. ರೋಗಿಯನ್ನು ದೂಷಿಸುವ ಮೊದಲು ವಿಚಾರಿಸಬೇಕೆಂಬ ಪಾಠವನ್ನು ಕರ್ನಾಟಕದ ಹಳ್ಳಿಗಳು ಅಂದೇ ಕಲಿಸಿದವು. ವಂಶಲಿಪಿಯ ವಿದ್ಯೆಯು ಅದನ್ನೇ ಇಂದು ಬೇರೊಂದು ಬಗೆಯಲ್ಲಿ ಕಲಿಸುತ್ತದೆ. ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಪಾಪವು ಇವನದೋ ಇವನ ಹೆತ್ತವರದೋ ಎಂದು ಕೇಳಿದಾಗ, ಗುರುವು ಇಬ್ಬರದೂ ಅಲ್ಲವೆಂದು ತಿಳಿಸಿ ಅವನಿಗೆ ಕಣ್ಣನ್ನು ಕೊಟ್ಟ ಪ್ರಸಂಗವನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲರು. ಪ್ರಶ್ನೆಯು ಪಾಪದ್ದಲ್ಲ, ಗುಣಪಡಿಸುವುದರದು.

ಈ ವಿದ್ಯೆಯ ಮಿತಿ

ಇದನ್ನು ಮಂತ್ರದಂಡವೆಂದು ಯಾರೂ ತಿಳಿಯಬಾರದು. ೨೦೨೨ರ ಮಾರ್ಚ್ ತಿಂಗಳಿನಲ್ಲಿ ಭಾರತ ಸರಕಾರದ ಜೈವಿಕ ತಂತ್ರಜ್ಞಾನ ಇಲಾಖೆಯವರು ದೇಶದ ಹಲವು ಪ್ರಯೋಗಶಾಲೆಗಳನ್ನು ಕೂಡಿಸಿ ಕ್ಷಯಕ್ರಿಮಿಗಳ ವಂಶಲಿಪಿಯನ್ನು ಓದುವ ಕಾರ್ಯವನ್ನು ಆರಂಭಿಸಿದರು. ಒಟ್ಟು ೩೨,೫೦೦ ಮಾದರಿಗಳ ಗುರಿಯಲ್ಲಿ ೧೦,೦೦೦ ಮಾದರಿಗಳನ್ನು ಓದಿಯಾಯಿತೆಂದು ೨೦೨೫ರ ಮಾರ್ಚಿನಲ್ಲಿ ಪ್ರಕಟಿಸಲಾಯಿತು. ಇದು ದೇಶದ ಸ್ಥಿತಿಯನ್ನು ಕಾಯ್ದು ನೋಡುವುದಕ್ಕಾಗಿ ಮಾಡುವ ಕೆಲಸವೇ ಹೊರತು, ತಾಲೂಕಿನ ದವಾಖಾನೆಗೆ ಬಂದ ಪ್ರತಿಯೊಬ್ಬರಿಗೂ ಮಾಡತಕ್ಕ ಪರೀಕ್ಷೆಯಲ್ಲ. ಇದಕ್ಕೆ ಸಾಮಾನ್ಯವಾಗಿ ಮೊದಲು ಕ್ರಿಮಿಯನ್ನು ಬೆಳೆಯಿಸಿಕೊಳ್ಳಬೇಕು. ಬೆಲೆಯುಳ್ಳ ಯಂತ್ರಗಳೂ ನುರಿತವರೂ ಬೇಕು. ಕಫದಿಂದಲೇ ಮುಖ್ಯವಾದ ಭಾಗಗಳನ್ನು ಓದುವ ಇನ್ನೊಂದು ಸುಲಭವಾದ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೪ರಲ್ಲಿ ಶಿಫಾರಸು ಮಾಡಿದ್ದಾರೆ.

ಅಲ್ಲದೆ ವಂಶಲಿಪಿಯು ಇಬ್ಬರ ಕ್ರಿಮಿಗಳು ಒಂದೇ ಮನೆತನದವೆಂದು ಹೇಳಬಲ್ಲುದಾದರೂ, ಯಾರಿಂದ ಯಾರಿಗೆ ಬಂದಿತೆಂಬುದನ್ನು ಎಲ್ಲ ಪ್ರಸಂಗಗಳಲ್ಲಿಯೂ ಹೇಳಲಾರದು. ಇಂಥವಳಿಂದಲೇ ಬಂದಿತೆಂದು ಬೆರಳು ತೋರಿಸುವುದಕ್ಕೆ ಇದನ್ನು ಬಳಸಿದರೆ ಹಳೆಯ ದೂಷಣೆಗೆ ಹೊಸ ಆಯುಧವನ್ನು ಕೊಟ್ಟಂತಾದೀತು. ಯಾವ ವಸತಿಗೃಹದಲ್ಲಿ, ಯಾವ ಕಾರಖಾನೆಯಲ್ಲಿ ಗಾಳಿಯಾಡದೆ ರೋಗವು ಹಬ್ಬಿತೆಂಬುದನ್ನು ಕಂಡುಹಿಡಿದು ಕಿಟಕಿಗಳನ್ನು ತೆರೆಯಿಸುವುದೇ ಇದರ ನಿಜವಾದ ಉಪಯೋಗ. ಇನ್ನೊಂದು ಮಾತು: ಕಫವನ್ನೇ ಕೊಡದ ರೋಗಿಯ ಕ್ರಿಮಿಯನ್ನು ಯಾವ ಯಂತ್ರವೂ ಓದಲಾರದು. ಅಡಗಿಸಿಟ್ಟ ವಹಿಯನ್ನು ಯಾವ ಶಿಕ್ಷಕಿ ತಾನೇ ತಿದ್ದಬಲ್ಲಳು?

ನಮ್ಮ ಪಾಲಿನ ಕೆಲಸ

ಆದುದರಿಂದ ಪಾಲಕರಲ್ಲಿಯೂ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನನ್ನ ಅರಿಕೆಯೇನೆಂದರೆ: ಎರಡು ವಾರಗಳಿಗೆ ಮೀರಿದ ಕೆಮ್ಮು, ಸಂಜೆಯ ಜ್ವರ, ಮೈ ಇಳಿಯುವುದು, ಕಫದಲ್ಲಿ ನೆತ್ತರು ಇವುಗಳಲ್ಲಿ ಯಾವುದಾದರೂ ಕಂಡರೆ ತಡಮಾಡದೆ ಸರಕಾರಿ ದವಾಖಾನೆಗೆ ಹೋಗತಕ್ಕದ್ದು, ಅಲ್ಲಿ ಪರೀಕ್ಷೆಯೂ ಔಷಧವೂ ಧರ್ಮಾರ್ಥವಾಗಿ ದೊರೆಯುತ್ತವೆ. ಕಫವೆಂದರೆ ಬಾಯಿಯ ಉಗುಳಲ್ಲ. ಬೆಳಿಗ್ಗೆ ಎದ್ದು ಬಾಯಿ ತೊಳೆದು, ಬಯಲಿನಲ್ಲಿ ನಿಂತು, ಎದೆಯಾಳದಿಂದ ಕೆಮ್ಮಿ ತೆಗೆದುದನ್ನು ಕೊಡಬೇಕು. ಮೊದಲ ಪರೀಕ್ಷೆಯಲ್ಲಿಯೇ ಯಾವ ಔಷಧವು ತಾಗುವುದೆಂಬುದನ್ನೂ ನೋಡಿದರೋ ಎಂದು ವೈದ್ಯರನ್ನು ವಿನಯದಿಂದ ಕೇಳಬಹುದು. ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಮೈ ಹಗುರವಾಯಿತೆಂದು ಗುಳಿಗೆಗಳನ್ನು ನಡುವೆ ಬಿಡಕೂಡದು. ನುಂಗಿಯೂ ಗುಣ ಕಾಣದಿದ್ದರೆ ರೋಗಿಯನ್ನು ಬೈಯದೆ ಮರಳಿ ಪರೀಕ್ಷೆ ಮಾಡಿಸತಕ್ಕದ್ದು. ಮನೆಯವರೆಲ್ಲರೂ ಪರೀಕ್ಷಿಸಿಕೊಳ್ಳಬೇಕು. ಆಹಾರಕ್ಕಾಗಿ ಚಿಕಿತ್ಸೆಯ ಕಾಲದಲ್ಲಿ ತಿಂಗಳಿಗೆ ಸಾವಿರ ರೂಪಾಯಿಗಳನ್ನು ಕೊಡುವ ಏರ್ಪಾಡು ೨೦೨೪ರ ನವೆಂಬರದಿಂದ ಜಾರಿಗೆ ಬಂದಿದೆ. ಅದನ್ನು ಕೇಳಿ ಪಡೆಯಿರಿ.

ರೋಗಿಯ ತಾಟು, ಬಟ್ಟೆಗಳಿಂದ ಈ ರೋಗವು ಹರಡುವುದಿಲ್ಲ, ಗಾಳಿಯಿಂದ ಹರಡುತ್ತದೆ. ಆದ ಕಾರಣ ಅವಳ ತಾಟನ್ನು ಬೇರೆ ಇಡುವುದಕ್ಕಿಂತ ಮನೆಯ ಕಿಟಕಿಯ ಬಾಗಿಲನ್ನು ತೆರೆದಿಡುವುದು ಹಿತ. ತಾಗುವ ಔಷಧವು ಆರಂಭವಾದ ಬಳಿಕ ಹರಡುವ ಭಯವು ಬೇಗನೆ ತಗ್ಗುತ್ತದೆ. ವೈದ್ಯರು ಅಪ್ಪಣೆ ಕೊಟ್ಟೊಡನೆ ಹುಡುಗಿಯನ್ನು ಶಾಲೆಗೆ ಮರಳಿ ಕಳುಹಿಸಿರಿ. ಅವಳ ಪಾಠಗಳನ್ನು ತುಂಬಿಕೊಡುವುದು ನಮ್ಮ ಹೊಣೆ. ಹಾಗೆಯೇ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಓಣಿಯಲ್ಲಿ ಯಾವ ಮನೆಯಲ್ಲಾದರೂ ಗುಣವಾಗದ ಸೊಸೆಯನ್ನು ಗುಳಿಗೆ ನುಂಗದವಳೆಂದು ಹಳಿಯುವುದನ್ನು ಕೇಳಿದರೆ, ಆ ಅತ್ತೆಯ ಮಗ್ಗುಲಲ್ಲಿ ಕುಳಿತು ಉಕ್ತಲೇಖನದ ಈ ದೃಷ್ಟಾಂತವನ್ನು ಸಮಾಧಾನದಿಂದ ಹೇಳಿರಿ. ಮರುದಿನ ಬೆಳಿಗ್ಗೆ ಆ ಸೊಸೆಯ ಜೊತೆಯಲ್ಲಿ ನೀವೇ ದವಾಖಾನೆಗೆ ಹೋಗಿರಿ.